ತುಂಡುಗೆರೆ

ಪುಣೆಯ ನಮ್ಮ ಎರಡು ಕೋಣೆಯ ಬಿಡಾರದಲ್ಲಿ ಮನುಷ್ಯರಿಗಿಂತ ಸಾಮಾನಿಗೇ ಹೆಚ್ಚು ಮರ್ಯಾದೆ. ಆದ್ದರಿಂದ ಕಳೆದ ತಿಂಗಳು ಒಂದು ಭಾನುವಾರ ನಾವು, ಎಂದರೆ ನಾವೂ ನಮ್ಮ ಮನೆಯವರೂ ಕೂಡಿ, ತಂದೆಯವರ ನಕಾಶೆಯ ಹಲಗೆಯನ್ನು ರದ್ದಿಯವನಿಗೆ ಕೊಡುವುದೆಂದು ತೀರ್ಮಾನಿಸಿದೆವು. ತಂದೆಯವರನ್ನು ಕೇಳಲಿಲ್ಲ. ಕಚೇರಿಯಲ್ಲಿ ಒಂದು ಗುಂಡುಸೂಜಿಗೂ ಮೇಲಿನವರ ಅಪ್ಪಣೆ ಬೇಡುವ ಗುಮಾಸ್ತರಾದ ನಮಗೆ ಇಷ್ಟು ಧೈರ್ಯ ಎಲ್ಲಿಂದ ಬಂತೋ!

ತಂದೆಯವರು ಹುಬ್ಬಳ್ಳಿಯಲ್ಲಿ ನಕಾಶೆ ಕೆಲಸ ಕಲಿತು, ಹೊಟ್ಟೆಪಾಡಿಗೆ ಇಲ್ಲಿಗೆ ಬಂದು, ಮೂವತ್ತು ವರ್ಷ ಆ ಕೆಲಸದಲ್ಲಿ ಸವೆದವರು. ಈಗ ಕೈ ನಡುಗುತ್ತದೆ. ತಾಯಿಯವರು ಹೋದಮೇಲೆ ಮಾತೂ ಕಡಿಮೆ. ಹತ್ತು ವರ್ಷದ ನಮ್ಮ ಮಗನಿಗೋ ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ; ಅಜ್ಜನೊಡನೆ ಅವನ ಕನ್ನಡ ‘ಊಟ ಆಯ್ತಾ’ ಎಂಬಲ್ಲಿಗೆ ಮುಗಿಯುತ್ತಿತ್ತು.

ಹಲಗೆ ಎತ್ತಿದೊಡನೆ ಹಿಂದಿನಿಂದ ಹಳದಿಗಟ್ಟಿದ ಟ್ರೇಸಿಂಗ್ ಕಾಗದವೊಂದು ಜಾರಿ ಬಿತ್ತು.

“ಅಜ್ಜಾ, ಇದು ರಾಕೆಟ್ಟಾ?” ಎಂದ ಮಗ.

ರಾಕೆಟ್ಟಲ್ಲ, ಮೋಟಾರು. 1956ರಲ್ಲಿ ಅಮೇರಿಕದ ಜನರಲ್ ಮೋಟಾರ್ಸ್ ಪ್ರದರ್ಶನಕ್ಕಿಟ್ಟ ‘ಫೈರ್‌ಬರ್ಡ್ 2’. ತಂದೆಯವರು ಕಲಿಯುವ ಕಾಲದಲ್ಲಿ ಹಳೆಯ ಮಾಸಿಕವೊಂದರಿಂದ ನಕಲಿಳಿಸಿಕೊಂಡಿದ್ದರಂತೆ. ನಾಲ್ವರು ಕೂರುವ ಸಂಸಾರದ ಬಂಡಿ. ಮೈ ಟೈಟೇನಿಯಮ್ ಲೋಹದ್ದು. ಮುಂದೆ, ವಿಮಾನಗಳಲ್ಲಿರುವ ಜಾತಿಯ ಗ್ಯಾಸ್ ಟರ್ಬೈನ್ ಯಂತ್ರ, 200 ಅಶ್ವಶಕ್ತಿಯದು. ಹೊರಹೋಗುವ ಹೊಗೆಯ ಬಿಸಿಯನ್ನು ಹಿಡಿದು ಒಳಬರುವ ಗಾಳಿಗೆ ಕೊಡುವ ಏರ್ಪಾಡೂ ಉಂಟು. ಎಲ್ಲಕ್ಕಿಂತ ದೊಡ್ಡ ಆಸೆಯೆಂದರೆ, ರಸ್ತೆಯಡಿ ಹೂತ ತಂತಿಯ ಸಂಕೇತ ಹಿಡಿದು ಅದು ತಾನೇ ಸಾಗಬೇಕು. ಚಾಲಕ ಕೈಕಟ್ಟಿ ಕೂರಬೇಕು. 1976ರ ಸಂಸಾರವೊಂದು ಹಾಗೆ ಪಯಣಿಸುವ ಚಲನಚಿತ್ರವನ್ನೂ ಅಂದು ತೋರಿಸಿದ್ದರು. 1976 ಬಂತು, ಹೋಯಿತು. ಅಂಥ ಹೆದ್ದಾರಿ ಬರಲಿಲ್ಲ, ಆ ಕಾರು ಮಾರಾಟಕ್ಕೂ ಬರಲಿಲ್ಲ.

ಇದಿಷ್ಟನ್ನೂ ತಂದೆಯವರು ನೆಲದ ಮೇಲೆ ಕೂತು ಮೊಮ್ಮಗನಿಗೆ ಹೇಳಿದರು. ಅಷ್ಟು ಮಾತು ಅವರ ಬಾಯಿಂದ ನಾವು ಕೇಳಿ ವರ್ಷವಾಗಿತ್ತು.

“ಈ ಗೆರಿ ಯಾಕ ತುಂಡ್‌ತುಂಡ್ ಅದ, ಅಜ್ಜಾ?” ಮಗನ ಬಾಯಲ್ಲಿ ಹುಬ್ಬಳ್ಳಿಯ ಕನ್ನಡವೇ ಬಂದುಬಿಟ್ಟಿತ್ತು!

“ಅದು ತುಂಡುಗೆರಿ, ತಮ್ಮಾ. ಕಣ್ಣಿಗೆ ಕಾಣಂಗಿಲ್ಲ, ಆದರ ಒಳಗ ಅದ ಅಂತ ತೋರಸೂದು.”

“ಮತ್ತ ದಾರಿ ಎಲ್ಲಿ?”

“ಕಾರಷ್ಟ ತಗದೀನಿ. ದಾರಿ ತಗದಿಲ್ಲ.”

ಮಗ ಪೆನ್ಸಿಲು ತಂದ. ಅವನು ಪಟ್ಟಿ ಒತ್ತಿ ಹಿಡಿದ; ತಂದೆಯವರ ನಡುಗುವ ಕೈ ಚಕ್ರಗಳ ಕೆಳಗೆ ರಸ್ತೆಯನ್ನೆಳೆಯಿತು. ಅದರಡಿಯ ತಂತಿಯನ್ನು ಮಗನೇ ಎಳೆದ, ತುಂಡುಗೆರೆಯಲ್ಲಿ.

ಅಷ್ಟರಲ್ಲಿ ಬಾಗಿಲಿಗೆ ರದ್ದಿಯವನು ಬಂದ. ತಂದೆಯವರು ತಲೆಯೆತ್ತಿ ಅವನನ್ನು ನೋಡಿದರು, ಹಲಗೆಯನ್ನು ನೋಡಿದರು, ಕೊನೆಗೆ ನಮ್ಮನ್ನು ನೋಡಿದರು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ರದ್ದಿಯವನಿಗೆ ಹಳೆಯ ವರ್ತಮಾನಪತ್ರಿಕೆಗಳನ್ನು ಕೊಟ್ಟು ಕಳಿಸಿದೆವು. ಹಲಗೆ ಈಗಲೂ ಗೋಡೆಗೊರಗಿ ನಿಂತಿದೆ. ಅದನ್ನು ದಾಟಿ ಅಡಿಗೆಮನೆಗೆ ಹೋಗಲು ನಾವು ಓರೆಯಾಗಿ ನಡೆಯುವುದನ್ನು ಕಲಿತಿದ್ದೇವೆ.