ಮೂರು ಹುಣಸೆಬೀಜ, ಹದಿನೈದು ಅವರೆಕಾಳು

ನನ್ನ ಸೋದರತ್ತೆ ಹುಲಿ-ಕುರಿ ಆಟಕ್ಕೆಂದೇ ಬಿಡುವು ಮಾಡಿಕೊಂಡು ಕೂತವಳಲ್ಲ. ಮಡಿಲಲ್ಲಿ ಅವರೆಕಾಯಿ, ಎಡಕ್ಕೆ ಸಿಪ್ಪೆಯ ಗುಡ್ಡೆ, ಬಲಕ್ಕೆ ಕಾಳಿನ ಬೋಗುಣಿ. ನಮ್ಮಿಬ್ಬರ ನಡುವೆ ಜಗಲಿಯ ಚಪ್ಪಡಿಯ ಮೇಲೆ ಇದ್ದಿಲಿನಲ್ಲಿ ಗೀಚಿದ ಮನೆಗಳು. ಕಾಯಿ ಬಿಡಿಸುತ್ತ ಬಿಡಿಸುತ್ತ ಆಗೊಂದು ಈಗೊಂದು ಕಾಳನ್ನು ಬೋಗುಣಿಗೆ ಹಾಕುವ ಬದಲು ಗೆರೆಯ ಮೇಲಿಡುವಳು. ಅದೇ ಕುರಿ. ನನ್ನವು ಮೂರು ಹುಣಸೆಬೀಜ, ಅಂದರೆ ಹುಲಿಗಳು. ಬೋಗುಣಿ ಅರ್ಧ ತುಂಬುವುದರೊಳಗೆ ನನ್ನ ಮೂರೂ ಹುಲಿಗಳು ಅಲ್ಲಾಡಲಾಗದೆ ಕೂತಿರುತ್ತಿದ್ದವು. ಅತ್ತೆ ಕುರಿಗಳನ್ನು ಬಾಚಿ ಬೋಗುಣಿಗೆ ಸುರಿದು ಎದ್ದು ಹೋಗುವಳು. ನನ್ನನ್ನು ಕಟ್ಟಿಹಾಕಿದವು ರಾತ್ರಿ ಸಾರಿನಲ್ಲಿ ಸಿಗುತ್ತಿದ್ದವು. ಸೇಡಿಗೆಂದೇ ಅಗಿದು ಅಗಿದು ತಿನ್ನುತ್ತಿದ್ದೆ.

ಆಡದವರಿಗಾಗಿ ಎರಡು ಮಾತು. ಒಂದು ತ್ರಿಕೋನ, ತುದಿಯಿಂದ ಬುಡಕ್ಕೆ ಇಳಿಯುವ ನಾಲ್ಕು ಗೆರೆ, ಅವನ್ನು ಅಡ್ಡ ಹಾಯುವ ಮೂರು ಗೆರೆ, ಆ ಅಡ್ಡಗೆರೆಗಳ ತುದಿಗಳನ್ನು ಎರಡೂ ಪಕ್ಕದಲ್ಲಿ ಕೂಡಿಸಿದರೆ ಆಯಿತು. ಒಟ್ಟು 23 ಮನೆ. ಹುಲಿ 3, ಕುರಿ 15. ಕುರಿಗಳು ಒಂದೊಂದಾಗಿ ಇಳಿಯುತ್ತವೆ, ಎಲ್ಲ ಇಳಿಯುವ ತನಕ ಕದಲುವಂತಿಲ್ಲ. ಹುಲಿ ಮೊದಲಿನಿಂದಲೂ ಓಡಾಡಬಹುದು, ಪಕ್ಕದ ಕುರಿಯ ಆಚೆಗಿನ ಮನೆ ಖಾಲಿಯಿದ್ದರೆ ಹಾರಿ ತಿನ್ನಬಹುದು. ಕುರಿಗಳಿಗೆ ತಿನ್ನುವ ಭಾಗ್ಯವಿಲ್ಲ, ದಾರಿ ಕಟ್ಟುವುದೊಂದೇ. ದಾಳವಿಲ್ಲ, ಕವಡೆಯಿಲ್ಲ. ಚೌಕಾಬಾರದಲ್ಲಿ ಸೋತರೆ ಕವಡೆಯನ್ನು ಬೈಯಬಹುದು. ಇಲ್ಲಿ ಬೈಯಲು ಸಿಗುವುದು ತಾನೊಬ್ಬನೇ.

ಅತ್ತೆ ಮಣೆ ನೋಡಿ ಆಡುತ್ತಿರಲಿಲ್ಲ, ನನ್ನನ್ನು ನೋಡಿ ಆಡುತ್ತಿದ್ದಳು. ಇದು ತಿಳಿಯಲು ನನಗೆ ಎರಡು ಬೇಸಿಗೆ ರಜ, ಒಂದು ದಸರಾ ರಜ ಹಿಡಿಯಿತು. ತಿನ್ನಲು ಕುರಿ ಕಂಡ ಕೂಡಲೇ ನಾನು ಕುಕ್ಕರಗಾಲಿನಲ್ಲಿ ಮುಂದೆ ಬಾಗುತ್ತಿದ್ದೆನಂತೆ. ಬಾಗಿದರೆ ಆ ಕಡೆಗೇ ಬರುತ್ತೇನೆಂದು ಲೆಕ್ಕ. ಅವಳು ಬುಡದ ಗೆರೆಯಲ್ಲಿ ಒಂದು ಕಾಳನ್ನು ಅನಾಥವಾಗಿ ಇಟ್ಟು ಸಿಪ್ಪೆ ಕೊಡವಿಕೊಳ್ಳುವಳು. ನಾನು ಹಾರಿ ತಿಂದು ಬುಡದ ಮೂಲೆಯಲ್ಲಿ ಇಳಿಯುತ್ತಿದ್ದೆ. ತುದಿಯಲ್ಲಿ ಕೂತ ಹುಲಿಯನ್ನು ಕಟ್ಟಲು ಎಂಟು ಕುರಿ ಬೇಕು, ಮೂಲೆಯಲ್ಲಿರುವುದಕ್ಕೆ ನಾಲ್ಕೇ ಸಾಕು. ಒಂದು ಕುರಿ ಕೊಟ್ಟು ನಾಲ್ಕು ಉಳಿಸಿಕೊಳ್ಳುವ ವ್ಯಾಪಾರ ಅದು.

“ನೀನು ಅಲ್ಲಿಗೇ ಬರ್ತೀಯ ಅಂತ ಗೊತ್ತಿತ್ತು ಕಣೋ,” ಅನ್ನುವಳು. “ಹೇಗೆ ಗೊತ್ತು?” ಅಂದರೆ, “ನಿಮ್ಮಪ್ಪನೂ ಅಲ್ಲಿಗೇ ಬರ್ತಿದ್ದ.”

ಎಷ್ಟೋ ವರ್ಷಗಳ ಮೇಲೆ ಹಂಪಿಯಲ್ಲಿ, ಬಿಸಿಲಿಗೆ ಅಂಜಿ ಒಂದು ಮಂಟಪದೊಳಗೆ ಹೊಕ್ಕಾಗ, ಕಾಲಡಿಯ ಚಪ್ಪಡಿಯಲ್ಲಿ ಅದೇ ತ್ರಿಕೋನ ಕಂಡಿತು. ಕೆತ್ತಿದ್ದು ಇದ್ದಿಲಿನಲ್ಲಲ್ಲ, ಉಳಿಯಲ್ಲಿ. ಪಕ್ಕದ ಕಂಬದ ಕೆತ್ತನೆಯ ಅಂದ ಅದಕ್ಕಿಲ್ಲ, ಗೆರೆ ಸೊಟ್ಟ. ನನ್ನ ಜೊತೆಗಿದ್ದವರು ಕಂಬದ ಫೋಟೋ ತೆಗೆದರು. ನಾನು ನೆಲದ ಮೇಲೆ ಕೂತು ಬುಡದ ಮೂಲೆಗೆ ಬೆರಳಿಟ್ಟೆ. ಇಲ್ಲಿಯೂ ಯಾರೋ ಮುಂದೆ ಬಾಗಿರಬೇಕು, ಎದುರಿಗಿದ್ದವರು ಗಮನಿಸಿರಬೇಕು.

ಇಂಥ ಆಟಗಳನ್ನು ಹುಚ್ಚು ಹಿಡಿದಂತೆ ಪ್ರೀತಿಸಿದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯ ತುಂಬ ಮಣೆಯಾಟಗಳೇ. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡರು; 1868ರಲ್ಲಿ ತೀರಿಕೊಳ್ಳುವವರೆಗೂ ಅದು ಮರಳಲಿಲ್ಲ. ಅವರಿಗೆ ಬಲು ಮೆಚ್ಚಿನದು ಚದುರಂಗದ ಕುದುರೆಯನ್ನು ಒಂದು ಮನೆಯನ್ನೂ ಎರಡನೇ ಸಲ ಮುಟ್ಟದಂತೆ 64 ಮನೆಗಳನ್ನೂ ಸುತ್ತಿಸುವ ಬಂಧ. ಅದರಲ್ಲಿ ಎದುರಾಳಿಯೇ ಇಲ್ಲ. ದೊಡ್ಡ ಆಟದಲ್ಲಿ ಎದುರಿನವನ ನಡೆಗೆ ಸಿಕ್ಕಿ ಸೋತ ಮೇಲೆ, ಎದುರಿಗೆ ಯಾರೂ ಕೂರದ ಆಟ ಹಿತವೆನಿಸಿತೋ ಏನೋ. ಇದು ನನ್ನ ಊಹೆ, ಪಂಡಿತರು ಕ್ಷಮಿಸಲಿ.

ನೇಪಾಳದವರದು ಬಾಘ್‌ಚಾಲ್: 25 ಮನೆ, ಮೂಲೆಗೊಂದರಂತೆ 4 ಹುಲಿ, 20 ಆಡು. ಸಿಂಗಾಪುರದ ಲಿಮ್ ಯು ಜಿನ್ ಎಂಬವರು ಅದನ್ನು ಕಂಪ್ಯೂಟರಿಗೆ ಕೊಟ್ಟು ಜಾಲಾಡಿಸಿ 2007ರಲ್ಲಿ ಕೊಟ್ಟ ತೀರ್ಪು: ಇಬ್ಬರೂ ಎಲ್ಲೂ ತಪ್ಪದೆ ಆಡಿದರೆ ಆಟ ಸಮ. ಓದಿದಾಗ ನನಗೆ ಅತ್ತೆ ನೆನಪಾದಳು. ಅಂದರೆ ಗೆಲುವು ಮಣೆಯೊಳಗೆ ಇಲ್ಲವೇ ಇಲ್ಲ, ಎದುರಿನವನು ತಪ್ಪಿದರೆ ಮಾತ್ರ ಉಂಟು. ಆ ಯಂತ್ರ ಲೆಕ್ಕವಿಲ್ಲದಷ್ಟು ಸ್ಥಿತಿಗಳನ್ನು ಜಾಲಿಸಿತು. ಅತ್ತೆ ಒಬ್ಬ ಹುಡುಗನ ಮೊಣಕಾಲು ನೋಡಿದಳು.

ಈ ವಿದ್ಯೆ ನನಗೂ ಬಂದಿದೆಯೆಂದು ನಾನು ಬಗೆದದ್ದು ಪ್ರೆಸ್ ಇಟ್ಟ ಮೇಲೆ. ರಸೀದಿ ಪುಸ್ತಕಗಳ ಒಂದು ಟೆಂಡರ್. ಅದೇ ಬೀದಿಯ ಇನ್ನೊಂದು ಪ್ರೆಸ್ಸಿನವರು ಎಂಟು ವರ್ಷದಿಂದ ದರವನ್ನು 75 ಪೈಸೆಯಲ್ಲೇ ಮುಗಿಸುವುದನ್ನು ಗುರುತಿಟ್ಟುಕೊಂಡಿದ್ದೆ. ಈ ಸಲ ಪುಸ್ತಕಕ್ಕೆ 18 ರೂಪಾಯಿ 75 ಪೈಸೆ ಹಾಕುತ್ತಾರೆಂದು ಎಣಿಸಿ 18 ರೂಪಾಯಿ 60 ಪೈಸೆ ಬರೆದು ಲಕೋಟೆಗೆ ಅರಗಿನ ಮುದ್ರೆ ಒತ್ತಿದೆ. ಲಕೋಟೆ ಒಡೆದಾಗ ಅವರ ದರ 23 ರೂಪಾಯಿ! ಕಾಗದದ ಬೆಲೆ ಏರುವ ಸುಳಿವು ಅವರಿಗೆ ಮೊದಲೇ ಸಿಕ್ಕಿತ್ತು. ನಾನು 75 ಪೈಸೆಯನ್ನು ಗುರುತಿಟ್ಟದ್ದೂ ಅವರಿಗೆ ಗೊತ್ತಿತ್ತೆಂದು ನನ್ನ ಬಲವಾದ ಅನುಮಾನ. ಆರ್ಡರ್ ನನಗೇ ಸಿಕ್ಕಿತು. ಪುಸ್ತಕಕ್ಕಿಷ್ಟು ಎಂದು ಕೈಯಿಂದ ಹಾಕುತ್ತ ಮೂರು ತಿಂಗಳು ಅಚ್ಚು ಹಾಕಿದೆ. ಅವರು ರಸ್ತೆ ದಾಟಿ ಬಂದು ಕೈಕುಲುಕಿ, ಕಾಫಿ ಕುಡಿದು ಹೋದರು.

ಹೋದ ಅವರೆ ಕಾಲದಲ್ಲಿ ಊರಿಗೆ ಹೋಗಿದ್ದೆ. ಅತ್ತೆಗೀಗ ಎಂಬತ್ತೆರಡು. ಇದ್ದಿಲು ಹುಡುಕಿ ನಾನೇ ಗೆರೆ ಎಳೆದೆ. ಈ ಸಲ ಬೆನ್ನು ನೆಟ್ಟಗೆ ಮಾಡಿ, ಗೋಡೆಗೆ ಒರಗಿ ಕೂತೆ. ಆರನೆಯ ಕುರಿಗೆ ಬುಡದ ಗೆರೆಯಲ್ಲಿ ಅದೇ ಅನಾಥ ಕಾಳು. ಆಚೆ ಮೂಲೆ ಖಾಲಿ. ನಗು ಬಂತು. ಮುಟ್ಟಲಿಲ್ಲ, ಬೇರೆ ಹುಲಿಯನ್ನು ನಡೆಸಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಇನ್ನೊಂದು ಕಾಯಿ ಬಿಡಿಸಿದಳು. ಆ ಕುರಿಯನ್ನು ಕಡೆಯವರೆಗೂ ನಾನು ತಿನ್ನಲಿಲ್ಲ. ಕೊನೆಗೆ ನನ್ನ ಮೂರನೆಯ ಹುಲಿಯನ್ನು ಕಟ್ಟಿದ್ದು ಅದೇ.

“ಅಲ್ಲಾ ಅತ್ತೆ, ಅದನ್ನ ಹೊಂಚು ಹಾಕಿಯೇ ಇಟ್ಟಿದ್ದು ತಾನೆ?”

“ಯಾವುದು?” ಎಂದು ಬಗ್ಗಿ, ಕಣ್ಣು ಕಿರಿದು ಮಾಡಿ ಗೆರೆ ಹುಡುಕಿದಳು. “ಅದಾ? ಕಣ್ಣು ಕಾಣ್ದೆ ಎಲ್ಲೋ ಇಟ್ಟೆ ಕಣೋ. ತಿಂದಿದ್ರೆ ನಾನು ಸೋತೇ ಹೋಗ್ತಿದ್ದೆ.”

ಹಾಗೆಂದು ಕಾಳುಗಳನ್ನು ಅಂಗೈಯಲ್ಲಿ ಬಾಚಿ ಬೋಗುಣಿಗೆ ಸುರಿದಳು. ಒಂದು ಹುಣಸೆಬೀಜವೂ ಅವುಗಳ ಜೊತೆ ಹೋಯಿತು.