ಸೊನ್ನಲಿಗೆಯ ಕೆರೆ

ಸೊಲ್ಲಾಪುರದ ಕೋಟೆಯ ಮಗ್ಗುಲಲ್ಲಿ ವಿಸ್ತಾರವಾದ ಕೆರೆ. ಅದರ ನಡುವೆ ಶ್ರೀ ಸಿದ್ಧೇಶ್ವರ ದೇವಾಲಯ. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಭಕ್ತಸಮೂಹದೊಡನೆ ಮಣ್ಣು ಹೊತ್ತು ಕಟ್ಟಿದ ಕೆರೆಯಿದು. ಮಳೆ ವಿರಳವಾದ ಈ ಸೀಮೆಯಲ್ಲಿ ಊರು ನಿಲ್ಲಬೇಕಾದರೆ ಮೊದಲು ನೀರು ನಿಲ್ಲಬೇಕೆಂಬುದನ್ನು ಅವರು ಅರಿತಿದ್ದರು.

ಊರ ಸುತ್ತ ಅವರು 68 ಲಿಂಗಗಳನ್ನು ಸ್ಥಾಪಿಸಿದರೆಂಬುದು ಪರಂಪರೆಯ ನಂಬುಗೆ. ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳ ಮೆರವಣಿಗೆಯು ಆ ಲಿಂಗಗಳ ತೈಲಾಭಿಷೇಕಕ್ಕಾಗಿ ಹೊರಡುತ್ತದೆ. ಮರಾಠಿ ಮಾತನಾಡುವವರೂ ಅದನ್ನು ‘ಯಣ್ಣಿಮಜ್ಜನ’ ಎನ್ನುತ್ತಾರೆ. ಅದು ನಮ್ಮ ‘ಎಣ್ಣೆಮಜ್ಜನ’ವೇ. ಇಂದಿನ ನಗರಯೋಜಕರು ಕಾಗದದ ಮೇಲೆ ಎಳೆಯುವ ಊರಿನ ಎಲ್ಲೆಯನ್ನು ಇಲ್ಲಿ ಜನರು ವರ್ಷಕ್ಕೊಮ್ಮೆ ನಡೆದು ನೆನಪಿಸಿಕೊಳ್ಳುತ್ತಾರೆ. ತನ್ನ ಎಲ್ಲೆಯನ್ನು ನಡೆದು ಬಲ್ಲ ಜನತೆಗೆ ಊರು ಪರಕೀಯವಾಗದು.

1871ರಲ್ಲಿ ಏಕರೂಖ ಕೆರೆ, 1980ರಲ್ಲಿ ಭೀಮಾ ನದಿಯ ಉಜನಿ ಜಲಾಶಯ ಪೂರ್ಣಗೊಂಡವು. ದೂರದ ನೀರು ನಳದಲ್ಲಿ ಮನೆಬಾಗಿಲಿಗೆ ಬಂದಿತು. ಅದು ಉಪಕಾರವೇ ಸರಿ. ಆದರೆ ಕುಡಿಯಲು ಬೇಡವಾದ ಕೆರೆ ಬರಿಯ ನೋಟದ ಕೆರೆಯಾಗಿ ಬಿಡುವ ಅಪಾಯವೂ ಅದರೊಡನೆ ಬಂದಿತು. ಕೆರೆಗಳು ಅಂತರ್ಜಲವನ್ನು ಪೋಷಿಸುತ್ತವೆ, ಮಳೆಯ ಹೆಚ್ಚುವರಿ ನೀರನ್ನು ಹಿಡಿದಿಡುತ್ತವೆ. ನಳಕ್ಕೆ ಈ ಶಕ್ತಿಯಿಲ್ಲ.

ಹೂಳೆತ್ತುವುದು ಸರಕಾರದ ಕೆಲಸ, ಕೈಮುಗಿಯುವುದು ನಮ್ಮ ಕೆಲಸ ಎಂದು ಹಂಚಿಕೊಂಡರೆ ಶಿವಯೋಗಿಗಳ ಕಾಯಕವನ್ನು ಅರ್ಧಕ್ಕೆ ನಿಲ್ಲಿಸಿದಂತಾಗುವುದು. ಸದ್ಭಕ್ತರು ಸೊನ್ನಲಿಗೆಗೆ ಹೋದಾಗ ಹೂಪತ್ರೆಗಳನ್ನು ನೀರಿಗೆಸೆಯದಿರಲಿ. ಮರಳಿ ಬಂದು ತಮ್ಮೂರ ಕೆರೆಗೆ ನೀರು ಹರಿದು ಬರುವ ಕಾಲುವೆಯನ್ನು ನೆರೆಹೊರೆಯವರೊಡನೆ ಒಮ್ಮೆ ನಡೆದು ನೋಡಲಿ. ಯಾತ್ರೆಯ ಫಲ ಅಲ್ಲಿದೆ.