ಲೆಕ್ಕದ ಪುಸ್ತಕದಲ್ಲಿ ಏಷ್ಯಾ ಖಂಡ

ಮಧ್ಯಮ ವರ್ಗದ ಮನೆಗಳಲ್ಲಿ ಪ್ರವಾಸವೆಂದರೆ ಹರಕೆಯ ಇನ್ನೊಂದು ಹೆಸರು. ಧರ್ಮಸ್ಥಳ, ಸುಬ್ರಹ್ಮಣ್ಯ, ಹೆಚ್ಚೆಂದರೆ ತಿರುಪತಿ. ಶಾಲೆಯಿಂದಾದರೆ ಜೋಗ, ಗೋಲಗುಮ್ಮಟ. ವಿದೇಶ ಎಂಬುದು ಮಗಳೋ ಸೊಸೆಯೋ ಅಮೆರಿಕದಲ್ಲಿದ್ದು, ಬಾಣಂತನದ ಹೊತ್ತಿಗೆ ಅಲ್ಲಿಂದ ಟಿಕೆಟ್ ಬಂದರೆ ಮಾತ್ರ ಕಾಣಲು ಸಿಗುವಂಥದು. ಸ್ವಂತ ದುಡ್ಡಿನಲ್ಲಿ, ಸಾಲ ಮಾಡದೆ, ಮಕ್ಕಳನ್ನು ಕಟ್ಟಿಕೊಂಡು ಎರಡು ಮೂರು ದೇಶ ನೋಡಿ ಬರುತ್ತೇವೆ ಎಂದರೆ ಕೇಳಿದವರು ನಗುತ್ತಾರೆ. ಹಾಸನದ ಒಂದು ಕುಟುಂಬವೂ ಇಂಥ ನಗೆಯನ್ನು ಸಾಕಷ್ಟು ಕೇಳಿಸಿಕೊಂಡಿತು. ತಂದೆ ಸಹಕಾರ ಸಂಘವೊಂದರಲ್ಲಿ ಗುಮಾಸ್ತರು. ತಾಯಿ ಮನೆಯಲ್ಲೇ ಹೊಲಿಗೆ ಹಾಕುತ್ತಾರೆ, ಸೀರೆಗೆ ಕುಚ್ಚು ಕಟ್ಟುತ್ತಾರೆ. ಇಬ್ಬರು ಮಕ್ಕಳು, ಒಬ್ಬರು ಅಜ್ಜಿ.

ಇದು ಶುರುವಾದದ್ದು 2022ರ ಜೂನ್‌ನಲ್ಲಿ, ಮಗಳು ಎಂಟನೆಯ ತರಗತಿಗೆ ಹೋದಾಗ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು ಎಂದು ಅವಳಿಗೆ ಗೊತ್ತಿತ್ತು. ಅದೇ ಕಾಲದಲ್ಲಿ, ವಿಷ್ಣುವರ್ಧನ ಇಲ್ಲಿ ಆಳುತ್ತಿದ್ದಾಗಲೇ, ಕಾಂಬೋಡಿಯದಲ್ಲಿ ಎರಡನೆಯ ಸೂರ್ಯವರ್ಮನೆಂಬ ದೊರೆ ಅಂಗ್‌ಕೋರ್ ವಾಟ್ ಕಟ್ಟಿಸುತ್ತಿದ್ದ, ಅದೂ ಮೂಲದಲ್ಲಿ ವಿಷ್ಣುವಿನ ಗುಡಿಯೇ ಎಂದು ಗ್ರಂಥಾಲಯದ ಪುಸ್ತಕವೊಂದರಲ್ಲಿ ಓದಿ ಬಂದಳು. ಶಾಲೆಯ ಅಟ್ಲಾಸ್ ತೆರೆದು ಬೇಲೂರಿನಿಂದ ಪೂರ್ವಕ್ಕೆ ಸ್ಕೇಲ್ ಇಟ್ಟು ಗೆರೆ ಎಳೆದಳು. ಗೆರೆ ಚೆನ್ನೈ ಮೇಲೆ ಹಾದು, ಅಂಡಮಾನಿನ ಉತ್ತರ ತುದಿ ಮುಟ್ಟಿ, ಬರ್ಮಾದ ಬಾಲ ದಾಟಿ, ಬ್ಯಾಂಕಾಕಿನ ಸ್ವಲ್ಪ ಕೆಳಗೆ ಸಾಗಿ, ಅಂಗ್‌ಕೋರ್‌ನ ಪಕ್ಕದಲ್ಲೇ ಹೋಯಿತು. ಬೇಲೂರು 13 ಡಿಗ್ರಿ 10 ಮಿನಿಟು, ಅಂಗ್‌ಕೋರ್ 13 ಡಿಗ್ರಿ 25 ಮಿನಿಟು. ಅಕ್ಷಾಂಶದಲ್ಲಿ ಕಾಲು ಡಿಗ್ರಿ ಅಂತರ.

"ನೋಡಬೇಕು" ಎಂದಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಮ್ಮ ಎಂದರು ತಂದೆ. ಮಿಷನ್ ತುಳಿಯುತ್ತಿದ್ದ ತಾಯಿ ತಲೆ ಎತ್ತದೆ, "ಹಾಸಿಗೇನೇ ಸ್ವಲ್ಪ ಉದ್ದ ಹೊಲಿದ್ರಾಯ್ತಲ್ಲ" ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಆಗ ಹಾಕಿದ ಯೋಜನೆ ಬಹಳ ದೊಡ್ಡದು. ಕೊಲಂಬೊ, ಸಿಂಗಪುರ, ಕೌಲಾಲಂಪುರ, ಬ್ಯಾಂಕಾಕ್, ಅಂಗ್‌ಕೋರ್, ಕೊನೆಗೆ ಹನೋಯ್. ಪೆನ್ಸಿಲ್ಲಿನಲ್ಲಿ ಬರೆದದ್ದು ಒಳ್ಳೆಯದಾಯಿತು. ಹೊರಡುವ ದಿನಕ್ಕೆ ಮಾತ್ರ ಎರಡು ಗಡುವುಗಳು ತಾವಾಗಿಯೇ ಬಂದವು. ಮೊದಲನೆಯದು ಮಗಳ ಎಸ್ಸೆಸ್ಸೆಲ್ಸಿ. ಪಿಯುಸಿ ಸೇರಿದ ಮೇಲೆ ಮಕ್ಕಳು ಮನೆಯವರಾಗಿ ಉಳಿಯುವುದಿಲ್ಲ, ಕೋಚಿಂಗ್‌ನವರಾಗುತ್ತಾರೆ. ಇನ್ನೊಂದು ಮಗನ ವಯಸ್ಸು. ಅಂಗ್‌ಕೋರ್‌ನಲ್ಲಿ ಒಂದು ದಿನದ ಟಿಕೆಟ್ 37 ಡಾಲರ್, ಹನ್ನೆರಡು ತುಂಬದವರಿಗೆ ಪಾಸ್‌ಪೋರ್ಟ್ ತೋರಿಸಿದರೆ ಉಚಿತ. ಮಗನಿಗೆ ಹನ್ನೆರಡು ತುಂಬುವುದು 2025ರ ಆಗಸ್ಟ್‌ನಲ್ಲಿ. ಆದ್ದರಿಂದ 2025ರ ಏಪ್ರಿಲ್ ಎಂದು ಗೊತ್ತಾಯಿತು.

ಕೂಡಿಡುವ ಮೊದಲು ಅಳೆಯಬೇಕು. ಎರಡು ತಿಂಗಳು ಮನೆಯ ಖರ್ಚನ್ನೆಲ್ಲ, ಐದು ರೂಪಾಯಿಯ ಕೊತ್ತಂಬರಿ ಸೊಪ್ಪನ್ನೂ ಬಿಡದೆ, ನೂರು ಹಾಳೆಯ ಪುಸ್ತಕವೊಂದರಲ್ಲಿ ಮಕ್ಕಳೇ ಬರೆದರು. ದೊಡ್ಡ ಸೋರಿಕೆ ಎಲ್ಲೂ ಇರಲಿಲ್ಲ, ಇದ್ದವೆಲ್ಲ ಸಣ್ಣ ತೂತುಗಳೇ. ಸಂಜೆಯ ಬೇಕರಿ, ಭಾನುವಾರದ ಪಾರ್ಸೆಲ್, ಯಾರೂ ನೋಡದ ಟಿವಿ ಚಾನೆಲ್ಲುಗಳು, ಅರ್ಧ ಕಿಲೋಮೀಟರಿಗೂ ಹತ್ತುವ ಸ್ಕೂಟರು. ಎಲ್ಲ ಮುಚ್ಚಿದಾಗ ಎರಡು ಸಾವಿರದ ಹತ್ತಿರ ಸಿಕ್ಕಿತು. ಉಳಿದ ಮೂರು ಸಾವಿರವನ್ನು ತಂದೆ ಸಂಬಳದಿಂದ, ಕೈಗೆ ಬರುವ ಮೊದಲೇ, ಬ್ಯಾಂಕಿನ ಆರ್.ಡಿ.ಗೆ ತಿರುಗಿಸಿದರು. ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಕೂಡಿಡುತ್ತೇವೆ ಎನ್ನುವವರ ಮನೆಯಲ್ಲಿ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ ಎಂಬುದು ಗುಮಾಸ್ತರಾದ ಅವರಿಗೆ ಬೇರೆಯವರ ಖಾತೆಗಳನ್ನು ನೋಡಿಯೇ ಗೊತ್ತಿತ್ತು.

ಪಾಸ್‌ಪೋರ್ಟನ್ನು ಮಾತ್ರ ಮೊದಲೇ ಮಾಡಿಸಿದರು. ದೊಡ್ಡವರಿಗೆ 1,500, ಮಕ್ಕಳಿಗೆ 1,000, ಒಟ್ಟು ಐದು ಸಾವಿರ. ಹಣಕ್ಕಿಂತ ಹೆಚ್ಚು ಕಾಡಿದ್ದು ಹೆಸರು. ಕನ್ನಡದವರ ಹೆಸರಿನ ಮುಂದಿನ ಇನಿಷಿಯಲ್‌ಗಳು ಪಾಸ್‌ಪೋರ್ಟಿನಲ್ಲಿ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಆಧಾರ್‌ನಲ್ಲಿ ಒಂದು ಥರ, ಶಾಲೆಯ ದಾಖಲೆಯಲ್ಲಿ ಇನ್ನೊಂದು ಥರ ಇದ್ದರೆ ಓಡಾಟ ತಪ್ಪಿದ್ದಲ್ಲ. ಮಕ್ಕಳ ಹೆಸರನ್ನು ಒಂದೇ ರೀತಿ ಬರೆಸಿಟ್ಟುಕೊಳ್ಳುವುದು ಎಂದೂ ಊರು ಬಿಡದವರಿಗೂ ಒಳ್ಳೆಯದೇ.

ಹದಿನೇಳು ಕಂತು ಕಟ್ಟಿ ಆಗಿತ್ತು. 2023ರ ನವೆಂಬರ್‌ನ ಒಂದು ಬೆಳಿಗ್ಗೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಲೇಬೇಕು, ತಡ ಮಾಡುವಂತಿಲ್ಲ ಎಂದರು ಡಾಕ್ಟರು. ಅಜ್ಜಿ ಹಟ ಹಿಡಿದರು. "ನಂಗೆ ಆಪರೇಷನ್ನೂ ಬೇಡ, ಏನೂ ಬೇಡ. ಅದು ಮಕ್ಳು ಕೂಡಿಟ್ಟಿರೋ ದುಡ್ಡು. ಮುಟ್ಟಬೇಡ ಕಣೋ" ಎಂದು ಮಗನ ಕೈ ಹಿಡಿದುಕೊಂಡರು. ಉತ್ತರ ಕೊಟ್ಟವರು ಸೊಸೆ. "ದುಡ್ಡು ಮತ್ತೆ ಕೂಡ್ಸಬಹುದು ಅತ್ತೆ. ನೀವು ಸುಮ್ನಿರಿ."

ಆರ್.ಡಿ.ಯನ್ನು ಅವಧಿಗೆ ಮೊದಲೇ ಮುರಿಸಿದ್ದರಿಂದ ಬಡ್ಡಿ ಕಡಿಮೆಯಾಗಿ 88 ಸಾವಿರ ಚಿಲ್ಲರೆ ಬಂತು. ಅದರಲ್ಲಿ 60 ಸಾವಿರ ಆಸ್ಪತ್ರೆಗೆ ಹೋಯಿತು. ಆ ರಾತ್ರಿ ಲೆಕ್ಕದ ಪುಸ್ತಕದಲ್ಲಿ ಆ ಸಾಲನ್ನು ಯಾರು ಬರೆಯುವುದೆಂಬ ಪ್ರಶ್ನೆ ಬಂತು. ಹತ್ತು ವರ್ಷದ ಮಗ ಬರೆದ. "ಅಜ್ಜಿ ಸೊಂಟ — 60,000." ಬರೆದು, ರಬ್ಬರ್ ತೆಗೆದುಕೊಂಡು ಕೊಲಂಬೊ, ಸಿಂಗಪುರ, ಹನೋಯ್ ಮೂರನ್ನೂ ಒರೆಸಿದ. ಯಾರೂ ಅವನಿಗೆ ಹೇಳಿರಲಿಲ್ಲ. ಶೇಕಡಾವಾರು ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆಯುವ ಮಕ್ಕಳು ಬಹಳ ಇದ್ದಾರೆ; ಅರವತ್ತು ಸಾವಿರ ಎಂದರೆ ಮನೆಯ ಎಷ್ಟು ತಿಂಗಳು ಎಂದು ತಿಳಿದ ಮಕ್ಕಳು ಕಡಿಮೆ.

ಮರುತಿಂಗಳಿನಿಂದ ಮತ್ತೆ ಐದು ಸಾವಿರ. ಈ ಸಲ ಒಂದೇ ವರ್ಷದ ಆರ್.ಡಿ., ಮುರಿಸುವ ಸಂದರ್ಭ ಬಂದರೂ ನಷ್ಟ ಕಡಿಮೆಯಿರಲಿ ಎಂದು. ತಾಯಿ ಶಾಲಾ ಯೂನಿಫಾರಂಗಳ ಹೊಲಿಗೆ ಒಪ್ಪಿಕೊಂಡರು. ಕುಚ್ಚಿಗೆ ದಾರ ಜೋಡಿಸುವ ಕೆಲಸಕ್ಕೆ ಮಗಳು ಕುಳಿತಳು. ಕೋಲು ಹಿಡಿದು ನಡೆಯಲು ಕಲಿಯುತ್ತಿದ್ದ ಅಜ್ಜಿಯೂ ಮಣಿ ಪೋಣಿಸಿಕೊಟ್ಟರು. ಹೊರಡುವ ಹೊತ್ತಿಗೆ ಒಟ್ಟು 1,41,000 ರೂಪಾಯಿ ಆಯಿತು.

ಇದರಲ್ಲಿ ದೊಡ್ಡ ಪಾಲು ವಿಮಾನದ್ದು. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ಹೋಗುವ, ಬ್ಯಾಂಕಾಕಿನಿಂದ ಬೆಂಗಳೂರಿಗೆ ಬರುವ ಟಿಕೆಟ್‌ಗಳನ್ನು ಜನವರಿಯಲ್ಲೇ ಕೊಂಡರು. ನಾಲ್ವರಿಗೆ 76 ಸಾವಿರ. ಹೋದ ಊರಿನಿಂದಲೇ ಹಿಂತಿರುಗಬೇಕೆಂಬ ನಿಯಮವೇನೂ ಇಲ್ಲ. ಒಂದು ಊರಿಗೆ ಇಳಿದು ಇನ್ನೊಂದರಿಂದ ಹತ್ತಿದರೆ ನಡುವಿನ ದಾರಿಯನ್ನು ರೈಲಿನಲ್ಲಿ ನೋಡಿಕೊಂಡು ಹೋಗಬಹುದು. ವೀಸಾದ ಖರ್ಚೂ ಉಳಿಯಿತು. ಆ ಹೊತ್ತಿಗೆ ಮಲೇಷ್ಯಾ ಮತ್ತು ಥಾಯ್ಲೆಂಡ್ ಭಾರತೀಯ ಪ್ರವಾಸಿಗಳಿಗೆ ವೀಸಾ ಬೇಕಿಲ್ಲವೆಂದು ಮಾಡಿದ್ದವು. ಇಂಥ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಹೊರಡುವವರು ಆಯಾ ದೇಶದ ರಾಯಭಾರ ಕಚೇರಿಯ ಮಾಹಿತಿಯನ್ನೇ ನೋಡಬೇಕು, ಪಕ್ಕದ ಮನೆಯವರ ಮಾತನ್ನಲ್ಲ.

ಪಕ್ಕದ ಮನೆಯವರ ಮಾತು ಬಂದದ್ದು ಬೇರೆ ವಿಷಯಕ್ಕೆ. ಏಪ್ರಿಲ್‌ನಲ್ಲೇ ಬ್ರಿಡ್ಜ್ ಕೋರ್ಸ್ ಶುರುವಾಗುತ್ತದೆ, ಈ ದುಡ್ಡನ್ನು ಅದಕ್ಕೆ ಕಟ್ಟಿದರೆ ಹುಡುಗಿಯ ಭವಿಷ್ಯವಾದರೂ ಆಗುತ್ತದೆ ಎಂದರು. ಮಾತು ಸುಳ್ಳಲ್ಲ, ತಂದೆ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಕಡೆಗೆ ಜೂನ್‌ನಲ್ಲಿ ತರಗತಿ ಆರಂಭಿಸುವ ಕಾಲೇಜನ್ನು ಮಗಳೇ ಆರಿಸಿಕೊಂಡಳು. ಏಪ್ರಿಲ್‌ನಲ್ಲಿ ಕಲಿಸುವ ವೆಕ್ಟರ್ ಜೂನ್‌ನಲ್ಲೂ ಅದೇ ವೆಕ್ಟರ್.

ಅಷ್ಟರಲ್ಲಿ ಮಾರ್ಚ್ 28ರಂದು ಬರ್ಮಾದ ಮಾಂಡಲೆಯ ಬಳಿ 7.7 ತೀವ್ರತೆಯ ಭೂಕಂಪವಾಯಿತು. ಸಾವಿರ ಕಿಲೋಮೀಟರ್ ದೂರದ ಬ್ಯಾಂಕಾಕಿನಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು ಬಿದ್ದುದನ್ನು ಟಿವಿಯಲ್ಲಿ ನೋಡಿ ನೆಂಟರೆಲ್ಲ ಫೋನ್ ಮಾಡಿದರು. ಸೋಷಿಯಲ್ ಸೈನ್ಸ್ ಪತ್ರಿಕೆಗೆ ಓದಬೇಕಿದ್ದ ಮಗಳು ಭೂಕಂಪವನ್ನು ಓದಿಕೊಂಡು ಕೂತಳು. ಬ್ಯಾಂಕಾಕ್ ನಿಂತಿರುವುದು ನದಿ ತಂದು ಹಾಕಿದ ಮೆತ್ತನೆಯ ಜೇಡಿಯ ಮೇಲೆ. ದೂರದಿಂದ ಬರುವ ನಿಧಾನವಾದ ಅಲೆಗಳು ಅಂಥ ನೆಲದಲ್ಲಿ ದೊಡ್ಡದಾಗುತ್ತವೆ, ಪಾತ್ರೆ ಅಲುಗಿಸಿದಾಗ ಪಾತ್ರೆಗಿಂತ ಮೊಸರು ಹೆಚ್ಚು ಕುಲುಕುವ ಹಾಗೆ. ಎತ್ತರದ ಕಟ್ಟಡಗಳು ಅದಕ್ಕೆ ತಾಳ ಹಾಕುತ್ತವೆ. "ಹಾಗಾದ್ರೆ ಎರಡು ಮಹಡಿಯ ಲಾಡ್ಜ್ ಹುಡುಕೋಣ" ಎಂದಳು. ಭಯ ಪೂರ್ತಿ ಹೋಗಲಿಲ್ಲ, ಆದರೆ ಅದಕ್ಕೊಂದು ಅಳತೆ ಸಿಕ್ಕಿತು.

ಏಪ್ರಿಲ್ 18ರ ರಾತ್ರಿ ಹೊರಟರು. ಅದಕ್ಕೆ ಮೊದಲು ಹೋಗುವಂತಿರಲಿಲ್ಲ. 13ರಿಂದ 15ರವರೆಗೆ ಥಾಯ್ ಜನರ ಹೊಸ ವರ್ಷ, ಸೊಂಗ್‌ಕ್ರಾನ್, ರೈಲುಗಳೆಲ್ಲ ತುಂಬಿರುತ್ತವೆ. ಹೆಸರು ಬಂದದ್ದು ಸಂಕ್ರಾಂತಿ ಎಂಬ ಮಾತಿನಿಂದಲೇ. ದಕ್ಷಿಣ ಕನ್ನಡದವರು ಬಿಸು ಆಚರಿಸುವ ಹೊತ್ತಿಗೆ ಅಲ್ಲಿ ನೀರೆರಚಾಟ. ಅಜ್ಜಿಯನ್ನು ನೋಡಿಕೊಳ್ಳಲು ತಂದೆಯ ತಂಗಿ ಬಂದಿದ್ದರು. ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ, ಹುರಿದ ರವೆ, ನೀರು ಕಾಯಿಸುವ ಸಣ್ಣ ಕೆಟಲ್. ಬೆಳಗಿನ ತಿಂಡಿಯ ಖರ್ಚು ಇದರಿಂದ ಹೆಚ್ಚುಕಡಿಮೆ ಇಲ್ಲವಾಯಿತು.

ಕೌಲಾಲಂಪುರದಲ್ಲಿ ಬಾಟು ಗುಹೆಯ 272 ಮೆಟ್ಟಿಲು ಹತ್ತಿದ್ದು ಬಿಟ್ಟರೆ ಸುತ್ತಿದ್ದು ಕಡಿಮೆ. ಮಗ ಮಾತ್ರ ಒಂದು ವಿಚಿತ್ರ ಕಂಡುಹಿಡಿದ. ಗಡಿಯಾರ ಹನ್ನೆರಡು ತೋರಿಸಿದರೂ ಸೂರ್ಯ ನೆತ್ತಿಯ ಕಡೆ ಇನ್ನೂ ಬರುತ್ತಲೇ ಇದ್ದ. ತುದಿ ಮುಟ್ಟಿದ್ದು ಒಂದೂಕಾಲರ ಹತ್ತಿರ. 1982ರಲ್ಲಿ ಮಲೇಷ್ಯಾ ತನ್ನ ಪೂರ್ವ ಭಾಗದ ರಾಜ್ಯಗಳಿಗೆ ಸರಿಹೊಂದುವಂತೆ ಇಡೀ ದೇಶಕ್ಕೆ ಒಂದೇ ಗಂಟೆ ಇಟ್ಟುಕೊಂಡದ್ದರ ಫಲ ಅದು. ಮುಂದೆ ರೈಲಿನಲ್ಲಿ ಪಡಾಂಗ್ ಬೆಸಾರ್ ಎಂಬ ಗಡಿ ನಿಲ್ದಾಣಕ್ಕೆ ಬಂದಾಗ ಇದಕ್ಕೆ ಪರಿಹಾರವೂ ಸಿಕ್ಕಿತು. ಅಲ್ಲಿ ಎರಡೂ ದೇಶಗಳ ಪಾಸ್‌ಪೋರ್ಟ್ ತಪಾಸಣೆ ಒಂದೇ ನಿಲ್ದಾಣದಲ್ಲಿ. ಕೆಲವು ಹೆಜ್ಜೆ ನಡೆದರೆ ಗಡಿಯಾರ ಒಂದು ಗಂಟೆ ಹಿಂದೆ. ಮಗ ಕೈಗಡಿಯಾರ ತಿರುಗಿಸಿ, ಬಿಟ್ಟಿಯಾಗಿ ಸಿಕ್ಕ ಗಂಟೆಯನ್ನು ಜಮಾ ಕಡೆಗೆ ಬರೆದ.

ರಾತ್ರಿಯಿಡೀ ಸ್ಲೀಪರ್ ಗಾಡಿಯಲ್ಲಿ ಮಲಗಿ ಬ್ಯಾಂಕಾಕಿಗೆ ಬಂದರು. ಒಂದು ರಾತ್ರಿಯ ರೂಮಿನ ಬಾಡಿಗೆ ಉಳಿಯಿತು. ಅಲ್ಲಿನ ಅರಮನೆ ನೋಡಲು ತಲೆಗೆ 500 ಬಾತ್, ನಾಲ್ವರಿಗೆ ಐದು ಸಾವಿರ ರೂಪಾಯಿ. ಗೇಟಿನ ಮುಂದೆ ನಿಂತು ನಾಲ್ವರೂ ಕೈ ಎತ್ತಿ ಮತ ಹಾಕಿದರು. ಬೇಡ ಎಂದವರು ಮೂವರು. ನೋಡಬೇಕೆಂದಿದ್ದ ತಾಯಿ ಸೋತರು. ಅವರು ನಗುತ್ತಲೇ ದೋಣಿ ಹತ್ತಿದರೂ ಅಂದು ಸಂಜೆಯವರೆಗೆ ಹೆಚ್ಚು ಮಾತಾಡಲಿಲ್ಲ. ಕಡಿಮೆ ದುಡ್ಡಿನ ಪ್ರವಾಸದಲ್ಲಿ ಇಂಥ ಬೇಸರಗಳೂ ಖರ್ಚಿನ ಬಾಬ್ತೇ.

24ರ ಮಧ್ಯಾಹ್ನ ಅಜ್ಜಿಯ ಫೋನ್ ಬಂತು. ಮೊಮ್ಮಗ ಹೊರಡುವ ಮೊದಲೇ ಹೇಳಿಕೊಟ್ಟಿದ್ದ. ಅಂದು ಹಾಸನದಲ್ಲಿ ಶೂನ್ಯ ನೆರಳಿನ ದಿನ, ಹನ್ನೆರಡು ಇಪ್ಪತ್ತನಾಲ್ಕಕ್ಕೆ ಅಂಗಳದಲ್ಲಿ ಚೊಂಬು ಇಟ್ಟು ನೋಡು ಎಂದು. "ನೆರಳೇ ಕಾಣ್ಲಿಲ್ಲ ಕಣೋ. ಚೊಂಬಿನ ಅಡಿಗೇ ಸೇರ್ಕೊಂಡಿತ್ತು" ಎಂದರು.

ಮಾರನೆಯ ದಿನ ನಸುಕಿನಲ್ಲಿ ಮೂರನೆಯ ದರ್ಜೆಯ ರೈಲು. ಗಡಿಯವರೆಗೆ ತಲೆಗೆ ಐವತ್ತು ಬಾತ್ ಕೂಡ ಆಗಲಿಲ್ಲ. ಗಡಿ ದಾಟುವಾಗ ಕಾಂಬೋಡಿಯದ ವೀಸಾಕ್ಕೆ 30 ಡಾಲರ್‌ನಂತೆ ಕೊಟ್ಟರು. ಅಲ್ಲಿ ಡಾಲರ್ ನೋಟು ಚೂರು ಹರಿದಿದ್ದರೂ ತೆಗೆದುಕೊಳ್ಳುವುದಿಲ್ಲವೆಂದು ತಿಳಿದಿದ್ದ ತಂದೆ ಗರಿಗರಿ ನೋಟುಗಳನ್ನು ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಂಡಿದ್ದರು.

ಏಪ್ರಿಲ್ 26ರಂದು ಅಂಗ್‌ಕೋರ್. ಬೆಳಗಿನಿಂದ ಮೊಗಸಾಲೆಗಳಲ್ಲಿ ಸುತ್ತಿ, ಗೋಡೆಯುದ್ದಕ್ಕೂ ಕೆತ್ತಿದ ಸಮುದ್ರಮಥನದ ಮುಂದೆ ಬಹಳ ಹೊತ್ತು ನಿಂತರು. ವಾಸುಕಿಯನ್ನು ಎಳೆಯುವ ದೇವತೆಗಳನ್ನೂ ಅಸುರರನ್ನೂ ಗುರುತಿಸಲು ಯಾವ ಗೈಡೂ ಬೇಕಾಗಲಿಲ್ಲ. ಬೇಲೂರಿನ ಬಳಪದ ಕಲ್ಲಿನ ಸೂಕ್ಷ್ಮ ಕೆತ್ತನೆ ಇಲ್ಲಿನ ಮರಳುಗಲ್ಲಿನಲ್ಲಿಲ್ಲ, ಇಲ್ಲಿನ ಹರಹು ಬೇಲೂರಿನಲ್ಲಿಲ್ಲ ಎಂದಳು ಮಗಳು. ಹನ್ನೆರಡು ಗಂಟೆಗೆ ನಾಲ್ವರೂ ಬಿಸಿಲಿಗೆ ಬಂದರು. ಉಳಿದ ಪ್ರವಾಸಿಗಳೆಲ್ಲ ನೆರಳು ಹುಡುಕಿಕೊಂಡು ಹೋಗುತ್ತಿದ್ದರು. ಮಗ ಕಲ್ಲುಹಾಸಿನ ಮೇಲೆ ನೀರಿನ ಬಾಟಲಿ ನಿಲ್ಲಿಸಿದ. ಹನ್ನೆರಡು ದಾಟಿ ಎರಡು ನಿಮಿಷಕ್ಕೆ ನೆರಳು ಬಾಟಲಿಯ ಬುಡದಲ್ಲಿ ಅಡಗಿತು. ಎರಡು ದಿನದ ಹಿಂದೆ ಹಾಸನದ ಅಂಗಳದಲ್ಲಿದ್ದ ಸೂರ್ಯ ಇಪ್ಪತ್ತೈದು ಮಿನಿಟಿನಷ್ಟು ಅಕ್ಷಾಂಶ ಉತ್ತರಕ್ಕೆ ಸರಿದು ಇಲ್ಲಿಗೆ ಬಂದಿದ್ದ.

28ಕ್ಕೆ ಮನೆ ಸೇರಿದರು. ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಪಾಸಾಗಿದ್ದಳು, ಊರಿಗೆ ಮೊದಲೇನಲ್ಲ. ಅವರು ಹೋದ ದಾರಿಯಲ್ಲಿ ಮತ್ತೆ ಎರಡು ತಿಂಗಳ ನಂತರ ಹೊರಟಿದ್ದರೆ ಆಗುತ್ತಿರಲಿಲ್ಲ. 2025ರ ಜೂನ್‌ನಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯದ ನಡುವಿನ ಗಡಿ ಪ್ರವಾಸಿಗಳಿಗೆ ಮುಚ್ಚಿತು, ಜುಲೈನಲ್ಲಿ ಐದು ದಿನ ಕಾಳಗವೇ ನಡೆಯಿತು. ಆ ಸುದ್ದಿ ಬಂದ ದಿನ, ರೈಲಿನಲ್ಲಿ ಎದುರು ಕೂತು ಮಗನಿಗೆ ಮಾವಿನಕಾಯಿ ಹೋಳು ಕೊಟ್ಟಿದ್ದ ಗಡಿ ಊರಿನ ಹೆಂಗಸಿನ ಬಗ್ಗೆ ತಾಯಿ ಎರಡು ಮೂರು ಸಲ ಮಾತಾಡಿದರು.

ಲೆಕ್ಕ ಮುಗಿಸಿದಾಗ ಉಳಿದದ್ದು 1,860 ರೂಪಾಯಿ. ಅದರಲ್ಲಿ ಏನು ಮಾಡುವುದೆಂದು ಕೇಳಿದ್ದಕ್ಕೆ ಮಗ ಪುಸ್ತಕದ ಹೊಸ ಹಾಳೆ ತೆರೆದು, ಒರೆಸಿದ್ದ ಸಿಂಗಪುರವನ್ನು ತಲೆಯಲ್ಲಿ ಬರೆದ. ಅರವತ್ತು ದಾಟಿದವರಿಗೆ ಪಾಸ್‌ಪೋರ್ಟ್ ಶುಲ್ಕದಲ್ಲಿ ಶೇಕಡಾ ಹತ್ತು ರಿಯಾಯಿತಿ ಇದೆಯೆಂದು ಅವನಿಗೆ ಗೊತ್ತಿತ್ತು. ಅದರ ಕೆಳಗಿನ ಮೊದಲ ಸಾಲು: "ಅಜ್ಜಿ ಪಾಸ್‌ಪೋರ್ಟ್ — 1,350."